ತಾರೀಖು ತಿದ್ದಲು ಮೇಲಿನವರು ಹೇಳಿದರೆ

ಜನವರಿ 10ಕ್ಕೆ ಸಣ್ಣ ವರ್ಕ್‌ಶಾಪಿನಿಂದ ಬಂದ ಸರಕನ್ನು ಫೆಬ್ರವರಿ 25ಕ್ಕೆ ಬಂದಂತೆ ತೋರಿಸಿ: ಮಾರ್ಚ್ ಹತ್ತಿರವಾದಂತೆ ಅಕೌಂಟ್ಸ್ ವಿಭಾಗಕ್ಕೆ ಬರುವ ಮಾತಿದು. ಕಾರಣ ಸರಳ. 2006ರ ಎಂಎಸ್ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆಯಂತೆ ಸಣ್ಣ ಸರಬರಾಜುದಾರರಿಗೆ ಹಣ ಕೊಡಲು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ಗಡುವು ದಾಟಿದ ಬಾಕಿ ಮಾರ್ಚ್ 31ಕ್ಕೂ ಉಳಿದರೆ ಆ ವರ್ಷ ತೆರಿಗೆಯಲ್ಲಿ ಖರ್ಚು ಎಂದು ಕಳೆಯಲಾಗದು. ಸರಕು ಬಂದ ತಾರೀಖನ್ನು ಮುಂದೆ ಹಾಕಿದರೆ 45 ದಿನದ ಗಡುವು ಮಾರ್ಚ್ 31ರ ಆಚೆಗೆ ಹೋದಂತೆ ಕಾಣುತ್ತದೆ.

ಮೊದಲು ಡೆಲಿವರಿ ಚಲನ್, ಅಂದರೆ ಸರಕಿನ ಜೊತೆ ಬಂದ ಚೀಟಿ, ತೆಗೆಯಿರಿ. ಗೇಟಿನ ಸೀಲು, ಅದರ ಮೇಲಿನ ತಾರೀಖು, ಸಹಿ: ಎಣಿಕೆ ಶುರುವಾಗುವುದು ಅಲ್ಲಿಂದ. ಸರಕು ಬಂದ 15 ದಿನದೊಳಗೆ ದೋಷವಿದೆಯೆಂದು ಲಿಖಿತವಾಗಿ ತಿಳಿಸಿದ್ದರೆ ಮಾತ್ರ, ದೋಷ ಸರಿಪಡಿಸಿದ ದಿನದಿಂದ ಎಣಿಸಬಹುದು. ಈಗ ಕುಳಿತು ಹಳೇ ತಾರೀಖಿನ ಪತ್ರ ಸೃಷ್ಟಿಸುವುದು ಎರಡನೇ ಸುಳ್ಳು.

ಸರಬರಾಜುದಾರರ ಉದ್ಯಮ್ ಪ್ರಮಾಣಪತ್ರವನ್ನೂ (ಉದ್ದಿಮೆಯ ಸರ್ಕಾರಿ ನೋಂದಣಿ ಪತ್ರ) ನೋಡಿ. ಮಧ್ಯಮ ಉದ್ದಿಮೆಯಾಗಿದ್ದರೆ ಈ ತೆರಿಗೆ ನಿಯಮ ತಾಗುವುದೇ ಇಲ್ಲ, ಗೊಂದಲವೂ ಇಲ್ಲ.

ಉತ್ತರವನ್ನು ಬಾಯಲ್ಲಿ ಹೇಳಬೇಡಿ, ಮೇಲ್ ಮಾಡಿ: “ಸರ್, ಚಲನ್ ಪ್ರಕಾರ ಸರಕು ಜನವರಿ 10ಕ್ಕೆ ಬಂದಿದೆ. ಮಾರ್ಚ್ 31ರೊಳಗೆ ಪಾವತಿಸಿದರೆ ಇದೇ ವರ್ಷದ ಖರ್ಚೆಂದು ಕಳೆಯಬಹುದು. ತಡವಾದ ದಿನಗಳ ಬಡ್ಡಿ ಲೆಕ್ಕ ಲಗತ್ತಿಸಿದ್ದೇನೆ.” ಆ ಬಡ್ಡಿ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಬಹಳಷ್ಟು ಮ್ಯಾನೇಜರುಗಳು ಈ ಅಂಕಿ ಕಂಡಾಗಲೇ ದಾರಿಗೆ ಬರುತ್ತಾರೆ.

ಮತ್ತೂ ಒತ್ತಾಯಿಸಿದರೆ ಎಡಿಟ್ ಲಾಗ್, ಅಂದರೆ ಪ್ರತಿ ತಿದ್ದುಪಡಿಯ ದಾಖಲೆ, ನೆನಪಿಸಿ. ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ 2023ರ ಏಪ್ರಿಲ್ 1ರಿಂದ ಅದು ಕಡ್ಡಾಯ. ತಿದ್ದಿದವರ ಲಾಗಿನ್ ಅಲ್ಲೇ ಉಳಿಯುತ್ತದೆ, ಹೇಳಿದವರದ್ದಲ್ಲ. ನಿಮ್ಮ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ.