ಖಾಲಿ ಸೋಫಾ, ಪ್ಲಾಸ್ಟಿಕ್ ಕುರ್ಚಿ: ದಾವಣಗೆರೆಯಲ್ಲಿ ನಾನು ಸಿನಿಮಾ ಮಾಡಿದ್ದು

ಶ್ರೀಮಂತರ ಮನೆ ಹುಡುಗಿ, ಬಡವರ ಮನೆ ಹುಡುಗ. ನಮ್ಮ ಸಿನಿಮಾದ ಕಥೆ ಇಷ್ಟೇ. ಕೇಳಿದವರೆಲ್ಲ "ಇದನ್ನ ಎಷ್ಟು ಸಲ ನೋಡಿಲ್ಲ ಮಾರಾಯ" ಅಂದರು. ನಿಜವೇ. ಆದರೆ ಅಂಥ ಸಿನಿಮಾಗಳಲ್ಲಿ ಹುಡುಗಿಯದು ಬೆಂಗಳೂರಿನ ಬಂಗಲೆ, ಹುಡುಗನದು ಎಲ್ಲೋ ದೂರದ ಹಳ್ಳಿ. ದಾವಣಗೆರೆಯಲ್ಲಿ ಆ ದೂರ ಎಲ್ಲಿದೆ? ಪಿ.ಜೆ. ಬಡಾವಣೆಯ ದೊಡ್ಡ ಮನೆಯಿಂದ ಕೂಲಿಯವರು ಮಂಡಕ್ಕಿ ಹುರಿಯುವ ಭಟ್ಟಿಗೆ ಸೈಕಲ್ಲಿನಲ್ಲೇ ಹೋಗಿ ಬರಬಹುದು. ಬೆಣ್ಣೆ ದೋಸೆಗೆ ಇಬ್ಬರೂ ಒಂದೇ ಹೋಟೆಲ್ ಮುಂದೆ ಕಾಯುತ್ತಾರೆ. ಹುಡುಗನ ಅಪ್ಪ ಯಾರು ಅಂತ ಹುಡುಗಿಯ ಅಪ್ಪನಿಗೆ ಚೆನ್ನಾಗಿ ಗೊತ್ತಿರುತ್ತದೆ. ಗುರುತು ಪರಿಚಯ ಇದ್ದವರ ನಡುವಿನ ಅಂತರ ಇದು. ಅದನ್ನು ತೆರೆ ಮೇಲೆ ತೋರಿಸಬೇಕಿತ್ತು.

ಚಿತ್ರಕಥೆ ಬರೆಯುವಾಗ ಒಂದೇ ನಿಯಮ ಹಾಕಿಕೊಂಡೆ. ಯಾರೂ "ನಿನ್ನ ಯೋಗ್ಯತೆ ಏನೋ" ಅಂತ ಕೂಗಬಾರದು. ಕೂಗಿದರೆ ನೋಡುವವರಿಗೆ ಸುಲಭ. ಆ ಅಪ್ಪ ಕೆಟ್ಟವನು, ನಾವಲ್ಲ ಅಂತ ಎದ್ದು ಹೋಗುತ್ತಾರೆ.

ಹುಡುಗ ಮೊದಲ ಸಲ ಹುಡುಗಿ ಮನೆಗೆ ಬರುವುದು ಮಂಡಕ್ಕಿ ಚೀಲ ಇಳಿಸಲು. ಹುಡುಗಿಯ ಅಮ್ಮ ಒಳ್ಳೆಯವರು. "ಬಿಸಿಲಲ್ಲಿ ಬಂದೀಯಪ್ಪ, ಕೂತ್ಕೋ" ಅನ್ನುತ್ತಾರೆ. ಎದುರಿಗೇ ಸೋಫಾ ಖಾಲಿ ಇದೆ. ಆದರೂ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತರಿಸುತ್ತಾರೆ. ಫ್ಯಾನನ್ನೂ ಅವನ ಕಡೆ ತಿರುಗಿಸುತ್ತಾರೆ. ಇಡೀ ಸಿನಿಮಾ ಇಲ್ಲಿದೆ ಅಂತ ಛಾಯಾಗ್ರಾಹಕನಿಗೆ ಹೇಳಿದೆ. ಕ್ಯಾಮೆರಾವನ್ನು ಸೋಫಾ ಕೈಯ ಎತ್ತರಕ್ಕೆ ಇಟ್ಟೆವು. ಮುಂದೆ ಸೋಫಾ, ಹಿಂದೆ ಕುರ್ಚಿ ಮೇಲೆ ಮುದುಡಿ ಕೂತ ಹುಡುಗ. ಒಂದೇ ಶಾಟ್. ಅವನ ಮುಖಕ್ಕೆ ಕ್ಲೋಸಪ್ ಇಲ್ಲ, ಹಿನ್ನೆಲೆ ಸಂಗೀತವೂ ಇಲ್ಲ, ಬರೀ ಫ್ಯಾನಿನ ಸದ್ದು. ಎಡಿಟಿಂಗ್‌ನಲ್ಲಿ "ಇಲ್ಲೊಂದು ಪಿಟೀಲು ಹಾಕೋಣ" ಅನ್ನುವ ಮಾತು ಬಂತು. ನಾನು ಒಪ್ಪಲಿಲ್ಲ.

ಹುಡುಗಿಯ ಅಪ್ಪ ಅಕ್ಕಿ ಗಿರಣಿ ಮಾಲೀಕರು. ಪ್ರೀತಿಯ ವಿಷಯ ತಿಳಿದ ಮೇಲೆ ಅವರು ಹೊಡೆಯುವುದಿಲ್ಲ, ಬಯ್ಯುವುದೂ ಇಲ್ಲ. ಹುಡುಗನನ್ನು ಕರೆಸಿ, "ನಮ್ಮ ಮಿಲ್ಲಲ್ಲಿ ಸೂಪರ್‌ವೈಸರ್ ಕೆಲಸ ಇದೆ, ನಾಳೆಯಿಂದ ಬಂದುಬಿಡಪ್ಪ" ಅನ್ನುತ್ತಾರೆ. ಸಂಬಳದ ಪುಸ್ತಕದಲ್ಲಿ ಹೆಸರು ಬರೆಸಿಕೊಂಡ ಹುಡುಗ ಅಳಿಯ ಆಗುತ್ತಾನಾ? ಈ ದೃಶ್ಯಕ್ಕೆ ನಾನು ಅತಿ ಹೆಚ್ಚು ಸಮಯ ಕೊಟ್ಟೆ. ಅಪ್ಪನ ಪಾತ್ರಧಾರಿಗೆ ಹೇಳಿದ್ದು ಇಷ್ಟೇ: ನೀವು ನಿಜವಾಗಿಯೂ ಉಪಕಾರ ಮಾಡುತ್ತಿದ್ದೀರಿ ಅಂದುಕೊಂಡೇ ಮಾತಾಡಿ.

ಹುಡುಗನ ಕಡೆಯ ಕಥೆಗೆ ಊರಿನ ಚರಿತ್ರೆಯೇ ಸಾಕಾಯಿತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ಅವನ ತಾತ ಹತ್ತಿ ಮಿಲ್ಲಿನ ಕೆಲಸಗಾರ. ಖಾಯಂ ನೌಕರಿ, ಸೈರನ್ ಕೂಗಿದರೆ ಪಾಳಿ. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಮಗ ಭಟ್ಟಿಗೆ ಕೂಲಿಗೆ ಬಂದ. ಇದನ್ನೆಲ್ಲ ಸಂಭಾಷಣೆಯಲ್ಲಿ ತುರುಕಲಿಲ್ಲ. ಗೋಡೆಗೆ ತಾತನ ಫೋಟೋ ಇದೆ, ಮಿಲ್ ಗೇಟಿನ ಮುಂದೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತದ್ದು. ಮೊಮ್ಮಗನ ಅಂಗಿಗೆ ಇಸ್ತ್ರಿ ಇಲ್ಲ.

ಜಾತಿ ಬಿಟ್ಟು ಬಡವ ಬಲ್ಲಿದರ ಕಥೆ ಹೇಳುತ್ತೇನೆ ಅನ್ನುವವರು ನಮ್ಮೂರಲ್ಲಿ ಬಾಳಿ ಬದುಕಿದವರಲ್ಲ ಅಂತಲೇ ಅರ್ಥ. ಹುಡುಗಿಯ ಅಜ್ಜಿ "ಅವರು ಯಾವ ಪೈಕಿ?" ಅಂತ ಕೇಳುತ್ತಾಳೆ. ಉತ್ತರ ಬರುವ ಮೊದಲೇ ಕಟ್ ಮಾಡಿದೆವು.

ಭಟ್ಟಿಯಲ್ಲಿ ಶೂಟಿಂಗ್ ಸುಲಭ ಅಲ್ಲ. ಉಪ್ಪು ನೀರು ಹಾಕಿದ ಅಕ್ಕಿ ಕಾದ ಮರಳಿಗೆ ಬಿದ್ದ ಕೂಡಲೇ ಅರಳುತ್ತದೆ. ತಕ್ಷಣ ಜರಡಿ ಹಿಡಿಯದಿದ್ದರೆ ಸೀದು ಹೋಗುತ್ತದೆ. ಭಟ್ಟಿ ಕೆಲಸಗಾರರ ಕೈ ನಮ್ಮ "ಆಕ್ಷನ್"ಗೆ ಕಾಯುವುದಿಲ್ಲ. ಹಾಗಾಗಿ ಅಲ್ಲಿ ನಟರಿಗೆ ತಾಲೀಮು ಮಾಡಿಸುವ ಬದಲು ಅವರ ಕೆಲಸದ ಲಯಕ್ಕೆ ನಾವೇ ಹೊಂದಿಕೊಂಡೆವು. ಲೈಟ್ ತಂದಿದ್ದರೂ ಬಳಸಿದ್ದು ಕಡಿಮೆ. ಒಲೆಯ ಬೆಂಕಿ, ಮೇಲಿನ ಕಿಂಡಿಯ ಬೆಳಕು, ಅಷ್ಟೇ. ಹೊಗೆ, ಬೂದಿಗೆ ಲೆನ್ಸ್ ಬದಲಿಸುವುದೇ ಕಷ್ಟ. ಒಂದೇ ಲೆನ್ಸ್ ಹಾಕಿಕೊಂಡು ಒಳಗೆ ಹೋಗುವುದು ಒಳ್ಳೆಯದು. ಮಾತು ಸರಿಯಾಗಿ ಕೇಳಿಸುವುದಿಲ್ಲ, ಆದ್ದರಿಂದ ಭಟ್ಟಿಯ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿಕೊಂಡು ಆಮೇಲೆ ಸೇರಿಸಿದೆವು.

ನಟರು ಬಹುಪಾಲು ರಂಗಭೂಮಿಯವರು. ರಂಗನಟಿ ಚಿಂದೋಡಿ ಲೀಲಾ ಅವರ ಊರಲ್ಲವೇ, ಕಂಪನಿ ನಾಟಕ ನೋಡಿ ಬೆಳೆದವರು ಸಾಕಷ್ಟು ಜನ ಸಿಗುತ್ತಾರೆ. ಕೊನೇ ಸಾಲಿನವರಿಗೂ ಕೇಳಿಸುವ ಕಂಠ. ಕ್ಯಾಮೆರಾಗೆ ಅದು ಜಾಸ್ತಿ. "ಸಣ್ಣಗೆ ಮಾತಾಡಿ" ಅಂದರೆ ಮುಖವೂ ಸತ್ತು ಹೋಗುತ್ತಿತ್ತು. ಅದಕ್ಕೆ ಕೈಗೆ ಕೆಲಸ ಕೊಟ್ಟೆ. ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ, ಬೀಗ ಹುಡುಕುತ್ತಾ ಮಾತಾಡಿಸಿದೆ. ದನಿ ತಾನಾಗಿಯೇ ಇಳಿಯಿತು.

ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್ ಬಗ್ಗೆ ದಾವಣಗೆರೆಯವರಿಗೆ ಹೇಳಬೇಕಿಲ್ಲ. ಗೇಟ್ ಬಿದ್ದರೆ ಕಾರೂ ನಿಲ್ಲಬೇಕಿತ್ತು, ತಳ್ಳುಗಾಡಿಯೂ ನಿಲ್ಲಬೇಕಿತ್ತು. ಆ ದೃಶ್ಯ ನನಗೆ ಬೇಕೇ ಬೇಕಿತ್ತು. ರೈಲ್ವೆ ಜಾಗದೊಳಗೆ ಕ್ಯಾಮೆರಾ ಇಡಲು ಇಲಾಖೆಯ ಅನುಮತಿ, ಶುಲ್ಕ ಎಲ್ಲ ಬೇಕು. ನಮ್ಮ ಬಜೆಟ್‌ಗೆ ಅದು ಆಗದ ಮಾತು. ಹಳಿಯಿಂದ ದೂರ, ಒಂದು ಅಂಗಡಿಯ ಮಹಡಿ ಮೇಲಿಂದ ಉದ್ದದ ಲೆನ್ಸ್‌ನಲ್ಲಿ ತೆಗೆದೆವು. ಊರದೇವತೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ನಮ್ಮ ಡೇಟ್‌ಗೆ ಬರುವುದಿಲ್ಲ. ಅದನ್ನು ಬರೆಯಲೇ ಇಲ್ಲ. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಟೈಟಲ್ ನೋಂದಣಿ, ಸೆನ್ಸಾರ್ ಕೆಲಸ ಎಲ್ಲ ಬೆಂಗಳೂರಿನಲ್ಲಿ. ಓಡಾಟದ ಖರ್ಚನ್ನು ಮೊದಲೇ ತೆಗೆದಿಡಿ.

ಊರಲ್ಲಿ ಸಿನಿಮಾ ತೋರಿಸಿದಾಗ ಪ್ರೀತಿ, ತ್ಯಾಗದ ಬಗ್ಗೆ ಯಾರೂ ಜಾಸ್ತಿ ಕೇಳಲಿಲ್ಲ. "ಆ ದೊಡ್ಡ ಮನೆ ಯಾರದು?" ಅನ್ನುವುದೇ ಪ್ರಶ್ನೆ. ಕಾಂಪೌಂಡಿನ ಕಲ್ಲು ನೋಡಿಯೇ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಪರಿಚಯದ ಮಂಡಿ ವರ್ತಕರೊಬ್ಬರು ಪಕ್ಕಕ್ಕೆ ಕರೆದು, "ನಮ್ಮನೇಲಿ ಬಂದವರನ್ನೆಲ್ಲ ಸೋಫಾ ಮೇಲೇ ಕೂರಿಸ್ತೀವಿ ಕಣ್ರೀ" ಅಂದರು. ಮನೆ ಕೊಟ್ಟವರ ಹೆಸರು ಮಾತ್ರ ನಾನು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಹಾಗಂತ ಮಾತಾಗಿತ್ತು.