ಹಳೇ ಫೆಲ್ಟ್ ಟೋಪಿ ಬಿಚ್ಚಿ ಕಲಿತದ್ದು

ಅಮೆರಿಕದ ಕನೆಕ್ಟಿಕಟ್‌ನಲ್ಲಿ, ಒಂದು ಕಾಲಕ್ಕೆ ಟೋಪಿ ಪಟ್ಟಣ ಅಂತಲೇ ಹೆಸರಾಗಿದ್ದ ಡ್ಯಾನ್‌ಬರಿ ಹತ್ತಿರ, ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ನನಗೆ ಆ ಟೋಪಿ ಸಿಕ್ಕಿತು. ಕಂದು ಬಣ್ಣ, ಮೊಲದ ತುಪ್ಪಳದ ಫೆಲ್ಟ್, ಅಳತೆ ಏಳೂಕಾಲು. ರಿಬ್ಬನ್ ಮಾಸಿತ್ತು. ಒಳಗಿನ ಚರ್ಮದ ಬೆವರುಪಟ್ಟಿ ಒಣಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಪಟ್ಟಿಯ ಹಿಂದೆ ಕಾರ್ಮಿಕ ಸಂಘದ ಸಣ್ಣ ಚೀಟಿ ಅಂಟಿಕೊಂಡಿತ್ತು. ಚೀಟಿಯಲ್ಲಿದ್ದ ಹೆಸರಿನ ಸಂಘ ಹುಟ್ಟಿದ್ದು 1934ರಲ್ಲಿ. ಬ್ರಿಮ್, ಅಂದರೆ ಸುತ್ತಲೂ ಹೊರಚಾಚಿದ ಭಾಗ, ಎರಡೂವರೆ ಇಂಚು, ರಿಬ್ಬನ್ ಸುಮಾರು 40 ಮಿಲಿಮೀಟರ್ ಅಗಲ. ಇದೆಲ್ಲ ನೋಡಿ 1940ರ ಆಸುಪಾಸಿನದು ಇರಬೇಕು ಅಂದುಕೊಂಡೆ.

ಅಷ್ಟು ಹಾಳಾಗಿದ್ದರೂ ತಲೆಗಿಟ್ಟರೆ ಅದಕ್ಕೊಂದು ಗತ್ತು ಇತ್ತು. ನಾನು ಅದನ್ನು ಪೂರ್ತಿ ಬಿಚ್ಚಿ, ಹೊಸ ಪಟ್ಟಿ ಹಾಕಿ, ಹೊಸ ರಿಬ್ಬನ್ ಕಟ್ಟಿದೆ. ಫೆಲ್ಟ್ ಅದೇ, ಮೇಲಿನ ಗುಳಿ ಅದೇ, ಮುಂದಿನ ಚಿವುಟು ಕೂಡ ಅದೇ. ಆದರೆ ಆ ಗತ್ತು ಹೋಗಿಬಿಟ್ಟಿತ್ತು. ಎಲ್ಲಿ ಹೋಯಿತು ಅಂತ ಹುಡುಕುತ್ತಾ ನಾನು ಟೋಪಿ ಕೆಲಸ ಕಲಿತೆ.

ಮೊದಲು ಫೆಲ್ಟ್ ಬಗ್ಗೆ ಎರಡು ಮಾತು. ನಮ್ಮ ಕಡೆ ಕುರುಬರು ನೇಯುವ ಕಂಬಳಿಗೆ ಹಾಸು ಇದೆ, ಹೊಕ್ಕು ಇದೆ. ಫೆಲ್ಟ್‌ಗೆ ಎರಡೂ ಇಲ್ಲ. ಒಂದೊಂದು ಕೂದಲ ಮೇಲೂ ಕಣ್ಣಿಗೆ ಕಾಣದ ಹುರುಪೆ ಇರುತ್ತದೆ. ಬಿಸಿ, ತೇವ, ಒತ್ತಡ ಬಿದ್ದಾಗ ಅವು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಕಾರ್ಖಾನೆಯಲ್ಲಿ ತುಪ್ಪಳವನ್ನು ತೂತು ತೂತಾದ ತಾಮ್ರದ ಶಂಕುವಿನ ಮೇಲೆ ಗಾಳಿಯಿಂದ ಎಳೆದು ಕೂರಿಸುತ್ತಾರೆ. ಹಾಗೆ ಸಿಗುವ ಮೆತ್ತನೆಯ ದೊಡ್ಡ ಶಂಕುವನ್ನು ಬಿಸಿನೀರಿನಲ್ಲಿ ಮತ್ತೆ ಮತ್ತೆ ಕುಗ್ಗಿಸುತ್ತಾರೆ. ಜಾಸ್ತಿ ಕುಗ್ಗಿಸಿದಷ್ಟೂ ಫೆಲ್ಟ್ ಬಿಗಿಯಾಗುತ್ತದೆ. ನನ್ನ ಟೋಪಿಯ ಬ್ರಿಮ್ ಅಷ್ಟು ತೆಳ್ಳಗಿದ್ದೂ ಜೋತುಬೀಳದೆ ನಿಂತದ್ದು ಈ ಬಿಗಿಯಿಂದಲೇ.

ಫೆಲ್ಟ್ ಗಟ್ಟಿಯಾಗಿ ನಿಲ್ಲಲು ಅದಕ್ಕೆ ಶೆಲಾಕ್ ಕುಡಿಸುತ್ತಾರೆ. ಶೆಲಾಕ್ ಅಂದರೆ ನಮ್ಮ ಅರಗೇ. ಚನ್ನಪಟ್ಟಣದಲ್ಲಿ ತಿರುಗುವ ಮರದ ಗೊಂಬೆಗೆ ಅರಗಿನ ಕಡ್ಡಿ ಒತ್ತುತ್ತಾರಲ್ಲ, ಉಜ್ಜಿದ ಬಿಸಿಗೆ ಅದು ಕರಗಿ ಹರಡಿ, ಆರಿದ ಮೇಲೆ ಗಟ್ಟಿಯಾಗುತ್ತದೆ. ಟೋಪಿಯಲ್ಲೂ ಅದೇ ಗುಣ ಕೆಲಸಕ್ಕೆ ಬರುತ್ತದೆ. ಆವಿ ಹಿಡಿದರೆ ಫೆಲ್ಟ್ ಬಗ್ಗುತ್ತದೆ. ಆರುವವರೆಗೆ ಹಾಗೇ ಹಿಡಿದಿದ್ದರೆ ಕೊಟ್ಟ ಆಕಾರ ಉಳಿಯುತ್ತದೆ. ಬ್ರಿಮ್‌ಗೆ ಅರಗು ಜಾಸ್ತಿ, ಕ್ರೌನ್‌ಗೆ, ಅಂದರೆ ತಲೆ ಮುಚ್ಚುವ ಮೇಲಿನ ಭಾಗಕ್ಕೆ, ಕಡಿಮೆ. ಅದಕ್ಕೇ ಒಳ್ಳೆಯ ಹಳೇ ಟೋಪಿಯ ಕ್ರೌನ್ ಬೆರಳಿಗೆ ಮೆತ್ತಗೆ ಸಿಗುತ್ತದೆ, ಗುಳಿಯ ಅಂಚು ದುಂಡಗಿರುತ್ತದೆ. ಅರಗು ಜಾಸ್ತಿಯಾದರೆ ಗುಳಿ ರಟ್ಟು ಮಡಿಸಿದ ಹಾಗೆ ಚೂಪಾಗಿ ಕಾಣುತ್ತದೆ.

ಆವಿ ಹಿಡಿಯುವ ಮೊದಲು ಒಂದು ಎಚ್ಚರಿಕೆ. ಅಮೆರಿಕದಲ್ಲಿ 1941ರವರೆಗೂ ತುಪ್ಪಳವನ್ನು ಪಾದರಸದ ಉಪ್ಪಿನಿಂದ ಹದ ಮಾಡುತ್ತಿದ್ದರು. ಡ್ಯಾನ್‌ಬರಿ ಕೆಲಸಗಾರರಿಗೆ ಬಂದ ನಡುಕದ ಕಾಯಿಲೆಗೆ ಆ ಊರಿನ ಹೆಸರೇ ಅಂಟಿಕೊಂಡಿತು. ಹಳೇ ಟೋಪಿಗಳ ಅಂದ ಹೊಗಳುವಾಗ ಆ ಜನರನ್ನು ನಾನು ಮರೆಯಲಾರೆ. ನನ್ನ ಟೋಪಿ 1941ರ ಮುಂಚಿನದೂ ಆಗಿರಬಹುದು. ಅದಕ್ಕೇ ಕೈಗವಸು ಹಾಕಿಕೊಂಡು, ಮನೆಯ ಹೊರಗೇ ಆವಿ ಕೆಲಸ ಮಾಡುತ್ತೇನೆ. ನೀವೂ ಹಾಗೇ ಮಾಡಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಬೆವರುಪಟ್ಟಿ ಸುಮ್ನೆ ಬೆವರು ಹೀರಲು ಇರುವುದು ಅಂದುಕೊಂಡಿದ್ದೆ. ಟೋಪಿಯ ಆಕಾರ ಹಿಡಿದಿಡುವುದೂ ಅದೇ. ಏಳೂಕಾಲು ಅಂದರೆ ತಲೆಯ ಸುತ್ತಳತೆ ಸುಮಾರು 58 ಸೆಂಟಿಮೀಟರ್. ಟೋಪಿ ಬಿಗಿಯಾಗಿ ಕೂರಲಿ ಅಂತ ನಾನು ಹೊಸ ಪಟ್ಟಿಯನ್ನು ಒಂದು ಸೆಂಟಿಮೀಟರ್ ಚಿಕ್ಕದಾಗಿ ಕತ್ತರಿಸಿ, ದಾರ ಎಳೆದು ಎಳೆದು ಹೊಲಿದೆ. ಕ್ರೌನ್ ಮತ್ತು ಬ್ರಿಮ್ ಕೂಡುವ ಮಡಿಕೆಯ ಹತ್ತಿರ ಫೆಲ್ಟ್ ನೆರಿಗೆ ಬಿತ್ತು. ಅಲ್ಲಿ ಕುಗ್ಗಿದ್ದು ಹೊರಗಿನ ಅಂಚಿನಲ್ಲಿ ಹೆಚ್ಚಾಗಲೇಬೇಕು, ಅಲ್ವಾ? ಬ್ರಿಮ್ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಅಲೆ ಅಲೆಯಾಗಿ ಎದ್ದಿತು. ಎಷ್ಟು ಇಸ್ತ್ರಿ ಮಾಡಿದರೂ ಮಾರನೆಯ ದಿನ ಮತ್ತೆ ಅದೇ ಅಲೆ. ಅದನ್ನು ನೋಡಿ ನಿಜವಾಗಿಯೂ ಸಂಕಟವಾಯಿತು.

ಹಳೇ ಪಟ್ಟಿಯನ್ನು ಕಸದಿಂದ ತೆಗೆದು ಮತ್ತೆ ನೋಡಿದೆ. ಚರ್ಮದ ಕೆಳ ಅಂಚಿಗೆ ಬಟ್ಟೆಯ ಸಣ್ಣ ಪಟ್ಟಿ, ಅದರೊಳಗೆ ತೆಳುವಾದ ಕಡ್ಡಿ. ಟೋಪಿಯವರು ಅದನ್ನು ರೀಡ್ ಅನ್ನುತ್ತಾರೆ. ಈ ಕಡ್ಡಿ ಸಣ್ಣ ಸ್ಪ್ರಿಂಗ್ ಇದ್ದ ಹಾಗೆ. ಒಳಗಿನಿಂದ ಸುತ್ತಲೂ ಸಮನಾಗಿ ಒತ್ತಿ, ಟೋಪಿಯ ಬಾಯಿಯನ್ನು ಮೊಟ್ಟೆಯಾಕಾರದಲ್ಲಿ ಇಡುತ್ತದೆ. ನಾನು ತಂದ ಪಟ್ಟಿಗೆ ರೀಡ್ ಇರಲಿಲ್ಲ. ಎರಡನೇ ಸಲ ರೀಡ್ ಇರುವ ಪಟ್ಟಿ ತಂದೆ. ಫೆಲ್ಟ್ ಬಾಯಿಗೆ ಸರಿಯಾಗಿ ಅಳೆದು, ಫೆಲ್ಟ್‌ನಲ್ಲಿ ಉಳಿದಿದ್ದ ಹಳೇ ಸೂಜಿ ತೂತುಗಳಲ್ಲೇ ದಾರ ಹಾಯಿಸಿದೆ. ಮಡಿಕೆಗೆ ತೀರಾ ಹತ್ತಿರ, ಎಳೆಯದೆ, ಸಡಿಲವನ್ನೂ ಬಿಡದೆ. ಮೂರು ಸಂಜೆ ಹಿಡಿಯಿತು. ಕೊನೆಯ ಗಂಟು ಹಾಕಿ ಆವಿ ಹಿಡಿದಾಗ ಬ್ರಿಮ್ ತಾನಾಗಿಯೇ ಕೂತಿತು. ಕೆಲವರು ಪಟ್ಟಿಯನ್ನು ಅಂಟಿನಿಂದ ಕೂರಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅಂಟು ಹಾಕಿದ ಜಾಗದಲ್ಲಿ ಫೆಲ್ಟ್ ಬಗ್ಗುವುದಿಲ್ಲ.

ರಿಬ್ಬನ್ ಕೂಡ ನನಗೆ ಪಾಠ ಕಲಿಸಿತು. ಕ್ರೌನ್ ಮೇಲಕ್ಕೆ ಹೋದ ಹಾಗೆ ಸ್ವಲ್ಪ ಕಿರಿದಾಗುತ್ತದೆ. ನೇರವಾದ ರಿಬ್ಬನ್ ಸುತ್ತಿದರೆ ಮೇಲಂಚು ಬಾಯಿ ಬಿಡುತ್ತದೆ. ಹಳೇ ರಿಬ್ಬನ್‌ಗಳು ಹತ್ತಿ, ರೇಯಾನ್ ಸೇರಿದವು. ತೇವ ಮಾಡಿ ಇಸ್ತ್ರಿ ಪೆಟ್ಟಿಗೆ ಕೆಳಗೆ ಬಿಲ್ಲಿನ ಹಾಗೆ ಎಳೆದರೆ ಬಾಗುತ್ತವೆ. ನಾನು ಮೊದಲು ತಂದದ್ದು ಪಾಲಿಯೆಸ್ಟರ್. ಅದು ಬಾಗಲೇ ಇಲ್ಲ. ಹತ್ತಿ ಸೇರಿದ್ದನ್ನು ತಂದು, ಬಾಗಿಸಿ, ಬರೀ ನಾಲ್ಕೈದು ಕಡೆ ಸಣ್ಣ ಹೊಲಿಗೆ ಹಾಕಿದೆ. ಬೋ ಎಡಗಡೆ. ಬೆವರುಪಟ್ಟಿಯ ಹೊಲಿಗೆ ಹೊರಗೆ ಕಾಣದಂತೆ ಮುಚ್ಚುವುದೂ ಈ ರಿಬ್ಬನ್ನೇ.

ಬ್ರಿಮ್ ಅಂಚಿನ ವಿಷಯದಲ್ಲಿ ಮಾತ್ರ ನನ್ನ ಅದೃಷ್ಟ ಚೆನ್ನಾಗಿತ್ತು, ಇದರಲ್ಲಿ ಅಂಚು ಹಾಳಾಗಿರಲಿಲ್ಲ. ಅಂಚನ್ನು ಮೇಲಕ್ಕೆ ಮಡಿಸಿ ಹೊಲಿದಿದ್ದಾರೆ. ಅಲ್ಲಿ ಫೆಲ್ಟ್ ಎರಡು ಪದರ, ಅದರ ಪಕ್ಕ ತೆಳ್ಳನೆಯ ನೆರಳಿನ ಗೆರೆ. ಈ ಭಾರಕ್ಕೆ ಬ್ರಿಮ್‌ನ ಮುಂಭಾಗವನ್ನು ಕೆಳಗೆ ಒತ್ತಿದರೆ ಟಕ್ಕಂತ ನಿಲ್ಲುತ್ತದೆ. ರಿಬ್ಬನ್ ಸುತ್ತಿ ಹೊಲಿದ ಅಂಚು ಬೇರೆ ಥರ, ಕಾಡಿಗೆ ಹಚ್ಚಿದ ಕಣ್ಣಿನ ಹಾಗೆ ಸುತ್ತಲೂ ಗೆರೆ ಎದ್ದು ಕಾಣುತ್ತದೆ. ಇವೆಲ್ಲದರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಕ್ಯಾವನಾ ಅಂಚು. ಮಡಿಕೆ ಇದೆ, ಹೊಲಿಗೆ ಮಾತ್ರ ಇಲ್ಲ. ಮಡಿಸಿದ್ದನ್ನು ಫೆಲ್ಟ್‌ನೊಳಗೇ ಬೆಸೆದುಬಿಟ್ಟಿರುತ್ತಾರೆ. ಒಮ್ಮೆ ಕೈಯಲ್ಲಿ ಹಿಡಿದು ನೋಡಿದ್ದೇನೆ. ಬೆರಳು ಆಡಿಸಿ ಆಡಿಸಿ ನೋಡಿದರೂ ಕೂಡಿಕೆ ಸಿಗಲಿಲ್ಲ.

ಇನ್ನೊಂದು ಟೋಪಿಯ ಅಂಚು ಹರಿದಿತ್ತು. ಅದನ್ನು ಸುತ್ತಲೂ ಒಂದೇ ಅಳತೆಗೆ ಕತ್ತರಿಸಿದೆ. ಆಮೇಲೆ ನೋಡಿದರೆ ಎರಡೂ ಪಕ್ಕ ರೆಕ್ಕೆ ಬಂದ ಹಾಗೆ ಕಾಣುತ್ತಿತ್ತು. ಎಷ್ಟೋ ಹಳೇ ಟೋಪಿಗಳಲ್ಲಿ ಪಕ್ಕದ ಬ್ರಿಮ್ ಹಿಂದೆ ಮುಂದೆಗಿಂತ ಒಂದು ದಾರದಷ್ಟು ಕಿರಿದಾಗಿರುತ್ತದೆ. ಅಳತೆಪಟ್ಟಿ ಇಟ್ಟು ನೋಡಿದಾಗಲೇ ಇದು ನನಗೆ ಗೊತ್ತಾದದ್ದು.

ಕೊನೆಗೆ ಅಚ್ಚು, ಅಂದರೆ ಕಾರ್ಖಾನೆಯಲ್ಲಿ ಫೆಲ್ಟ್ ಎಳೆದು ಕ್ರೌನ್‌ಗೆ ಆಕಾರ ಕೊಡುವ ಮರದ ದಿಮ್ಮಿ. ಗೆಳೆಯನೊಬ್ಬ 1960ರ ದಶಕದ ಟೋಪಿ ತಂದು, ಇದನ್ನೂ ನಿನ್ನ ಕಂದು ಟೋಪಿಯ ಹಾಗೆ ಮಾಡಿಕೊಡು ಅಂದ. ಎರಡಕ್ಕೂ ಆವಿ ಹಿಡಿದು, ಗುಳಿ ಪೂರ್ತಿ ಹೊರದಬ್ಬಿ, ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ನನ್ನದರ ಕ್ರೌನ್ ಎತ್ತರ, ಗೋಡೆ ಹೆಚ್ಚುಕಡಿಮೆ ನೇರ. ಅವನದು ಗಿಡ್ಡ, ಮೇಲಕ್ಕೆ ಹೋದಂತೆ ಸಪೂರ. ಎರಡಕ್ಕೂ ಒಂದೇ ಗುಳಿ ಒತ್ತಿದೆ. ನನ್ನದು ತುಂಬಿದ ಮುಖದ ಹಾಗೆ ಕಂಡಿತು, ಅವನದು ಮುಂದೆ ಚೂಪಾಯಿತು. ಕೈಯಿಂದ ಒತ್ತುವ ಗುಳಿ ಕಾರ್ಖಾನೆಯ ಮರದ ಅಚ್ಚನ್ನು ಬದಲಾಯಿಸಲಾರದು. ಎತ್ತರದ ನೇರ ಅಚ್ಚಿನ ಮೇಲೆ ಎಳೆಯಬೇಕೆಂದರೆ ಅಷ್ಟು ಫೆಲ್ಟ್ ಬೇಕು, ಅವನ ಟೋಪಿಯ ಬ್ರಿಮ್‌ನಿಂದ ಸಾಲ ತರೋಣ ಅಂದರೆ ಅದೂ ಕಿರಿದು. ಅವನಿಗೆ ಎರಡನ್ನೂ ತೋರಿಸಿ ಇದನ್ನು ವಿವರಿಸಿದೆ. ಅವನ ಟೋಪಿಗೆ ಅದರ ಕಾಲದ್ದೇ ಸಣ್ಣ ರಿಬ್ಬನ್, ಬ್ರಿಮ್ ಸ್ವಲ್ಪ ಮೇಲೆತ್ತಿ ಕೊಟ್ಟೆ. ಈಗ ಅವನು ಪ್ರತಿ ಭಾನುವಾರ ಅದನ್ನೇ ಹಾಕುತ್ತಾನೆ.