ಚಳಿಗಾಲಕ್ಕೆ ಹಿತ್ತಲಲ್ಲಿ ಏನು ಹಾಕಬೇಕು: ಎಡವಿ ಕಲಿತದ್ದು

ನಮ್ಮ ಮನೆ ಮೈಸೂರಿನಲ್ಲಿ. ಹಿತ್ತಲು 10 ಅಡಿಗೆ 12 ಅಡಿ, ಅಷ್ಟೇ. ಇಲ್ಲಿನ ಚಳಿ ಎಂದರೆ ರಾತ್ರಿ 16 ಡಿಗ್ರಿ ಆಸುಪಾಸು, ಹಗಲು ಹಿತವಾದ ಬಿಸಿಲು. ಹಾಗಾಗಿ ಏನು ಹಾಕಿದರೂ ಬರುತ್ತದೆ ಎಂದುಕೊಂಡು ಮೊದಲ ವರ್ಷ ದೀಪಾವಳಿ ಮುಗಿದ ಕೂಡಲೇ ಕ್ಯಾರೆಟ್, ಹೂಕೋಸು, ಟೊಮೇಟೊ, ಬೆಂಡೆ ಎಲ್ಲಾ ಹಾಕಿಬಿಟ್ಟೆ. ಜನವರಿಗೆ ಸಿಕ್ಕಿದ್ದು ಒಂದು ಹಿಡಿ ಕ್ಯಾರೆಟ್. ಅದೂ ಕಲ್ಲುಮಣ್ಣಿಗೆ ಕವಲೊಡೆದದ್ದು.

ಗೊಬ್ಬರ ಸಾಲದು ಅಂದುಕೊಂಡಿದ್ದೆ. ಸಾಲದೇ ಇದ್ದದ್ದು ಬಿಸಿಲು. ದಕ್ಷಿಣಕ್ಕೆ ಸ್ವಲ್ಪ ಜಾಗ ಬಿಟ್ಟು ಪಕ್ಕದವರ ಮನೆ ಇದೆ, 20 ಅಡಿ ಎತ್ತರ. ಜೂನ್‌ನಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕಿರುತ್ತಾನೆ, ನೆರಳಿನ ಕಾಟವಿಲ್ಲ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ವಾಲುತ್ತಾನಲ್ವಾ, ಆಗ ನಡುಮಧ್ಯಾಹ್ನವೂ ಆ ಮನೆಯ ನೆರಳು 14 ಅಡಿ ಚಾಚುತ್ತದೆ. ಮರುವರ್ಷ 9, 12, 3 ಗಂಟೆಗೆ ನೆರಳಿನ ಅಂಚಿಗೆ ಕಡ್ಡಿ ಚುಚ್ಚಿ ನೋಡಿದೆ. ಬಿಸಿಲು ಬೀಳುವುದು ಕೊನೆಯ ಮೂರಡಿ ಪಟ್ಟಿಗೆ ಮಾತ್ರ!

ಆ ಪಟ್ಟಿ ಅವರೆಗೆ. ನಾಟಿ ಅವರೆಯನ್ನು ಮಳೆಗಾಲದಲ್ಲೇ ರಾಗಿ ಹೊಲದ ಅಕ್ಕಡಿ ಸಾಲಿಗೆ (ರಾಗಿಯ ನಡುನಡುವೆ ಬಿಡುವ ಬೇರೆ ಬೆಳೆಯ ಸಾಲು) ಹಾಕುತ್ತಾರೆ, ಹಗಲು ಚಿಕ್ಕದಾದ ಮೇಲೆ ಅದು ಹೂ ಬಿಡುತ್ತದೆ. ನವೆಂಬರ್‌ನಲ್ಲಿ ಎದ್ದ ನನ್ನಂಥವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-4 ಸರಿ. ಕುಳ್ಳ ಗಿಡ, ಚಪ್ಪರ ಬೇಡ, ಹಗಲು ಚಿಕ್ಕದಾಗಲಿ ಎಂದು ಕಾಯುವುದಿಲ್ಲ. ಜನವರಿ ಕೊನೆಗೆ ಕಾಯಿ ಕಿತ್ತೆವು. ಅತ್ತೆ ಒಂದು ಕಾಯಿ ಮೂಸಿ, "ಸೊಗಡೇ ಇಲ್ವಲ್ಲೋ" ಅಂದರು. ಆದರೂ ಹಿತಕಿದ ಬೇಳೆ ಸಾರಿಗೆ ಎರಡನೇ ಸಲ ಬಡಿಸಿಕೊಂಡರು.

ನೆರಳಿನ ಜಾಗಕ್ಕೆ ಸೊಪ್ಪು. ಅಡುಗೆಮನೆ ಡಬ್ಬಿಯ ಮೆಂತ್ಯವನ್ನೇ ರಾತ್ರಿ ನೆನೆಸಿ ಚೆಲ್ಲಿದರೆ ತಿಂಗಳೊಳಗೆ ಕಟ್ಟು ಸಿಗುತ್ತದೆ. ಕೊತ್ತಂಬರಿ ಬೀಜವನ್ನು ಚಪ್ಪಲಿ ಅಡಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಬೇಕು, ಪುಡಿಯಾಗಬಾರದು. ಮೊಳಕೆಗೆ ಹತ್ತು ದಿನ ಬೇಕು, ಅಷ್ಟರೊಳಗೆ ಬರಲಿಲ್ಲ ಎಂದು ಕೆದಕಬೇಡಿ (ನಾನು ಕೆದಕಿದ್ದೆ). ಮೂಲಂಗಿ ಅಲ್ಲಿ ಬರೀ ಸೊಪ್ಪಾಯಿತು, ಗೆಡ್ಡೆ ಬೆರಳಿನಷ್ಟು. ಸರಿ, ಪಲ್ಯ ಮಾಡಿದೆವು.

ಹೂಕೋಸು ಬಿಟ್ಟೇಬಿಟ್ಟೆ. ಒಂದು ಗಡ್ಡೆಗೆ ಮೂರು ತಿಂಗಳು ಜಾಗ ಕೊಟ್ಟು ಹುಳ ಆರಿಸುತ್ತಾ ಕೂರಬೇಕು, ಅದು ಸಿದ್ಧವಾಗುವ ಹೊತ್ತಿಗೆ ಮಾರ್ಕೆಟ್ಟಿನಲ್ಲೂ ರಾಶಿ ಬಿದ್ದಿರುತ್ತದೆ. ಕ್ಯಾರೆಟ್ ಆಸೆ ಇನ್ನೂ ಇದೆ. ಅದಕ್ಕೆ ಒಂದಡಿ ಆಳ ಅಗೆದು ಮಣ್ಣು ಜರಡಿ ಹಿಡಿಯಬೇಕು, ಸದ್ಯಕ್ಕೆ ನನ್ನ ಸೊಂಟ ಒಪ್ಪುತ್ತಿಲ್ಲ.